ಐದನೆಯ ಉಪಗ್ರಹ ಮತ್ತು ರಾವಸಾಹೇಬ ಮಗದುಮ್ ಸರ್

೨೦೦೫ರ ಜುಲೈ ಇಪ್ಪತ್ತಾರರಂದು, ಹುಕ್ಕೇರಿ ತಾಲೂಕಿನ ಹಿರಣ್ಯಕೇಶಿ ಹೊಳೆಯ ದಂಡೆಯಲ್ಲಿ ನೀರಿನ ಮಟ್ಟ ಅಳೆಯುವ ಕೆಲಸಕ್ಕಿದ್ದ ಬೀರಸಿದ್ದಪ್ಪ ಹೊಳೆಯ ಪಾಲಾದ. ಕೆಳಗಿನ ಎರಡು ಊರುಗಳಿಗೆ ನೆರೆಯ ಸುದ್ದಿ ಮುಟ್ಟಲಿಲ್ಲ. ಒಂಬತ್ತು ಮಂದಿ ಸತ್ತರು. ಯೋಜನಾ ಕಚೇರಿ ತನ್ನ ವರದಿಯ ಹನ್ನೊಂದನೆಯ ಪುಟದಲ್ಲಿ, 'ಹದಿನಾಲ್ಕನೆಯ ಅಳತೆ ಕಟ್ಟೆಯ ನೌಕರ ಆ ದಿನ ಕೆಲಸದ ಮೇಲಿರಲಿಲ್ಲ. ಯಾವ ಸಂದೇಶವನ್ನೂ ಕಳಿಸಿಲ್ಲ' ಎಂದು ಬರೆಯಿತು.

ಪ್ರಾಧ್ಯಾಪಕ ರಾವಸಾಹೇಬ ಆದಪ್ಪ ಮಗದುಮ್ ಅವರು ಗೋಕಾಕದ ಕಾಲೇಜೊಂದರ ಭೌತಶಾಸ್ತ್ರ ವಿಭಾಗದಲ್ಲಿ ಮೂವತ್ತೈದು ವರ್ಷ ದುಡಿದು ೨೦೦೮ರ ಮೇ ಮೂವತ್ತೊಂದರಂದು ನಿವೃತ್ತರಾದರು. ಒಂದು ದೊಡ್ಡ ಉಪಗ್ರಹ ಹೊರುವ ಭಾರವನ್ನು ಹತ್ತಾರು ಸಣ್ಣ ಉಪಗ್ರಹಗಳು ಹಂಚಿಕೊಂಡು ಹೊರುವ ವಿದ್ಯೆ ಜಗತ್ತಿನಲ್ಲಿಯೇ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲಕ್ಕೆ, ಅದನ್ನು ಕನ್ನಡದಲ್ಲಿ ಓದಿಸಿ, ಬರೆಯಿಸಿ, ಕೈಯಿಂದ ಮಾಡಿಸಿ, ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಒಕ್ಕಲು ಮನೆಗಳ ಮಕ್ಕಳಿಗೆ ದಾಟಿಸಿದ ಕೆಲವೇ ಮಂದಿಯಲ್ಲಿ ಅವರು ಒಬ್ಬರು. ಕಾಲುವೆಯ ನೀರಿಗೆ ಪಾಳಿ ಹಚ್ಚಿ ಬೆಳೆದ ಮಕ್ಕಳಿಗೆ ಅವರು ಬೇರೆ ಉದಾಹರಣೆ ಹುಡುಕಲಿಲ್ಲ. ಒಬ್ಬ ಗೌಡನೇ ಊರಿನ ಎಲ್ಲ ಹೊಲಕ್ಕೂ ನೀರು ಬಿಡುತ್ತೇನೆಂದರೆ ಅವನಿಗೆ ಜ್ವರ ಬಂದ ದಿನ ಊರೇ ಒಣಗುತ್ತದೆ. ಎಂಟು ಮಂದಿ ಪಾಳಿ ಹಚ್ಚಿಕೊಂಡರೆ ಒಬ್ಬ ಮಲಗಿದರೂ ಏಳು ಮಂದಿ ಎದ್ದಿರುತ್ತಾರೆ. ಸಣ್ಣ ಉಪಗ್ರಹಗಳ ಸಾಲು ಎಂದರೆ ಆಕಾಶದಲ್ಲಿ ಹಚ್ಚಿದ ಪಾಳಿ. ಇಷ್ಟು ಹೇಳಿದ ಮೇಲೆ ಅವರು ಸೀಮೆಸುಣ್ಣ ಕೆಳಗಿಟ್ಟು ಇನ್ನೊಂದು ಮಾತು ಸೇರಿಸುತ್ತಿದ್ದರು: ಮಲಗಿದವನು ಯಾರೆಂಬುದನ್ನು ಉಳಿದವರಿಗೆ ಹೇಳದೆ ಮುಚ್ಚಿಟ್ಟರೆ, ಪಾಳಿ ಇಲ್ಲದ್ದಕ್ಕಿಂತ ಕೆಟ್ಟದ್ದು.

ಮಗದುಮ್ ಸರ್ ಹುಟ್ಟಿದ್ದು ನಾಗನೂರಿನ ಜೈನ ಒಕ್ಕಲು ಮನೆತನದಲ್ಲಿ, ಅರ್ಧ ಕನ್ನಡ ಅರ್ಧ ಮರಾಠಿಯ ಅಂಗಳದಲ್ಲಿ. ೧೯೭೩ರಲ್ಲಿ ಪ್ರಯೋಗಶಾಲೆಯ ಸಹಾಯಕರಾಗಿ ಸೇರಿದರು. ಸಂಜೆ ಪಾಠ ಹೇಳುತ್ತ, ಮುಂಜಾನೆ ತಾವೇ ಪರೀಕ್ಷೆಗೆ ಓದುತ್ತ ಹತ್ತು ವರ್ಷದಲ್ಲಿ ಉಪನ್ಯಾಸಕರಾದರು. ತೊಂಬತ್ತರ ದಶಕದ ಮೊದಲಿಗೆ, ಗ್ರಂಥಾಲಯದ ಮಾಳಿಗೆಯ ಮೇಲಿದ್ದ ಹಳೆಯ ನಕಾಶೆಗಳ ಕೋಣೆಯನ್ನು ಬೇಡಿ ಪಡೆದು, ಗುಜರಿಯಲ್ಲಿ ಸಿಕ್ಕ ಅಲ್ಯೂಮಿನಿಯಂ ಕೊಳವೆಗಳಿಂದ ಅಡ್ಡಡ್ಡ ಹಲ್ಲಿನ ಆಂಟೆನಾ ಕಟ್ಟಿ, ತಾನಾಗಿ ತಿರುಗುವ ಮೋಟರಿನ ಮೇಲೆ ನಿಲ್ಲಿಸಿದರು. ಹವ್ಯಾಸಿಗಳು, ವಿದ್ಯಾರ್ಥಿಗಳು ಸೇರಿ ಹಾರಿಸಿದ ಟ್ರಂಕಿನಷ್ಟೇ ಗಾತ್ರದ ಪುಟ್ಟ ಉಪಗ್ರಹಗಳು ಗೋಕಾಕದ ಮೇಲೆ ಹಾಯುವಾಗ ಅವುಗಳ ದನಿ ಮೊದಲು ಕೇಳಿದ್ದು ಆ ಕೋಣೆಯಲ್ಲಿ. ಕೇಳಿದವರು ಮರೆಯುವಂಥದ್ದಲ್ಲ ಅದು. ಮೊದಲು ಬರಿಯ ಗಾಳಿಯ ಸದ್ದು. ಆಮೇಲೆ ಗಾಳಿಯ ಒಳಗಿನಿಂದ ಒಂದು ಸಣ್ಣ ಸಿಳ್ಳು ಹತ್ತಿರವಾಗುತ್ತದೆ, ತಲೆಯ ಮೇಲೆ ಬರುತ್ತದೆ, ದಾಟಿದ ಕೂಡಲೇ ಅದರ ಕಂಠ ಇಳಿಯುತ್ತದೆ. ಮನೆಯ ಮುಂದೆ ಹಾದುಹೋದವನು ತಿರುವಿನಲ್ಲಿ ನಿಂತು ಒಂದು ಸಲ ಹಿಂದಿರುಗಿ ನೋಡಿದ ಹಾಗೆ.

ಮಗನ ಈ ಹುಚ್ಚನ್ನು ನೋಡಲು ತಾಯಿ ಜಿನ್ನವ್ವ ಒಂದೇ ಒಂದು ಸಲ ಮಾಳಿಗೆ ಹತ್ತಿದ್ದರು. ಯಾರೂ ಮುಟ್ಟದ ಆಂಟೆನಾ ಗರ್ರೆಂದು ತಿರುಗಿ ದಿಗಂತದ ಕಡೆ ಮುಖ ಮಾಡಿದ್ದನ್ನು ಕಂಡು ಸೆರಗು ಬಿಗಿಹಿಡಿದರು.

"ಯಾರ ಬರಾಕತ್ತಾರೋ ರಾವ್ಯಾ, ಅಲ್ಲಿಂದ?"

"ಯಾರೂ ಇಲ್ಲಬೇ. ಒಂದ ಪೆಟಗಿ ಐತಿ, ಹಾರಾಡತೈತಿ, ಮಾತಾಡತೈತಿ."

"ಒಳಗ ಯಾರೂ ಇಲ್ದ ಮಾತಾಡತೈತಿ? ಹಂಗಂದ್ರ ಅದಕ್ಕ ತಿರಗಿ ಉತ್ತರಾ ಕೊಡಬ್ಯಾಡ. ಕೆಳಗ ನಡಿ, ಹೊತ್ತ ಮುಣಗತೈತಿ, ಊಟಾ ಮಾಡು."

ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ಮನೆಯ ನಿಯಮವನ್ನು ಸರ್ ಎಂದೂ ಮುರಿಯಲಿಲ್ಲ. ಸಂಜೆಯ ಹೊತ್ತಿಗೆ ಉಪಗ್ರಹ ಹಾಯುವ ದಿನಗಳಲ್ಲಿ ಅವರು ಊಟವನ್ನೇ ಬಿಡುತ್ತಿದ್ದರು. ವಿದ್ಯಾರ್ಥಿಗಳಿಗೆ ಮಾತ್ರ ತಮ್ಮ ಡಬ್ಬಿಯ ರೊಟ್ಟಿ, ಶೇಂಗಾ ಚಟ್ನಿ ಹಂಚಿ ಕೂಡಿಸುತ್ತಿದ್ದರು.

ಅವರ ಔದಾರ್ಯದ ಪ್ರಸಂಗಗಳನ್ನು ಈ ಅಭಿನಂದನ ಗ್ರಂಥದ ಇತರ ಲೇಖಕರು ಬೇಕಾದಷ್ಟು ಹೇಳಿದ್ದಾರೆ. ಇಲ್ಲಿ ಒಂದು ಸಾಕು. ಗೋಕಾಕದ ಪೇಟೆಯಲ್ಲಿ ಕಾಳುಕಡಿ ವ್ಯಾಪಾರದ ಲಿಂಗಾಯತ ಮನೆತನದ ಮಗಳು ದಾನೇಶ್ವರಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಳು. ಲೆಕ್ಕದಲ್ಲಿ ಅವಳ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ, ಆದರೆ ಅವಳು ಮಾಳಿಗೆಯ ಕೋಣೆಗೆ ಹೋಗುವುದು ತಂದೆಗೆ ಸೇರದು. ಸರ್ ಮೂರು ದಿನ ಅಂಗಡಿಯ ಕಟ್ಟೆಯ ಮೇಲೆ ಹೋಗಿ ಕುಳಿತರು. ಮೂರನೆಯ ದಿನ ತಂದೆ ಬಾಯಿ ಬಿಟ್ಟರು.

"ಅಲ್ರಿ ಸರ್, ಹುಡುಗಿ ಮಾಳಿಗಿ ಮ್ಯಾಲ ತಂತಿ ಹಿಡಕೊಂಡ ನಿಂತ್ರ ನಾಳೆ ಆಕಿನ್ನ ಯಾರ ಲಗ್ನಾ ಆಗತಾರ್ರಿ?"

"ತಂತಿ ಹಿಡದಾಕಿನ್ನ ನೋಡಿ ಅಂಜಾಂವ ಆಕಿಗೆ ಬ್ಯಾಡೇ ಬ್ಯಾಡ್ರಿ. ಅಂಜದಾಂವನ್ನ ಇಬ್ಬರೂ ಕೂಡಿ ಹುಡುಕೂಣು."

ತಂದೆ ನಕ್ಕುಬಿಟ್ಟರು. ದಾನೇಶ್ವರಿ ಮಾಳಿಗೆ ಹತ್ತಿದಳು. ಇಂದು ಅವರು ಅದೇ ವಿಭಾಗದಲ್ಲಿ ಪಾಠ ಹೇಳುತ್ತಾರೆ. ಮುಂದೆ ಹೇಳುವ ಸಂಗತಿಗೆ ಅವರು ಕಣ್ಣಾರೆ ಕಂಡ ಸಾಕ್ಷಿ.

೧೯೯೮ರಲ್ಲಿ ಹೊಳೆಯ ನೀರಿನ ಮಟ್ಟವನ್ನು ಉಪಗ್ರಹದ ಮೂಲಕ ತಿಳಿಯುವ ಯೋಜನೆಯೊಂದು ಬಂದಿತು. ಪರದೇಶದ ಕಂಪನಿಯೊಂದು ಎಂಟು ಸಣ್ಣ ಉಪಗ್ರಹಗಳ ಸಾಲು ಹಾರಿಸಿತ್ತು. ಹಿರಣ್ಯಕೇಶಿ, ಘಟಪ್ರಭಾ, ಮಾರ್ಕಂಡೇಯ ದಂಡೆಗಳಲ್ಲಿ ಇಪ್ಪತ್ತೆರಡು ಅಳತೆ ಕಟ್ಟೆಗಳು. ಒಂದೊಂದು ಕಟ್ಟೆಗೂ ಒಬ್ಬ ನೌಕರ, ಅವನ ಕೈಗೆ ಅಂಕಿ ಒತ್ತುವ ಒಂದು ಡಬ್ಬಿ. ಉಪಗ್ರಹ ತಲೆಯ ಮೇಲೆ ಇರುವ ಹನ್ನೆರಡು ನಿಮಿಷದೊಳಗೆ ನೌಕರ ಅಂಕಿ ಒತ್ತಬೇಕು. ಉಪಗ್ರಹ ಅದನ್ನು ಕೇಳಿಸಿಕೊಂಡು, ಕೇಳಿದ ವೇಳೆಯನ್ನು ತನ್ನದೇ ಗಡಿಯಾರದಿಂದ ಅದರ ಮೇಲೆ ಬರೆದು, ಹೊಟ್ಟೆಯಲ್ಲಿಟ್ಟುಕೊಂಡು, ಗೋಕಾಕದ ಕೋಣೆಗೆ ಇಳಿಸುತ್ತದೆ. ಡಬ್ಬಿಯ ಮೇಲೆ ಹಸಿರು ದೀಪ ಹತ್ತಿದರೆ ಉಪಗ್ರಹ ಕೇಳಿತು ಎಂದರ್ಥ. ಗೋಕಾಕದಿಂದ 'ಮುಟ್ಟಿತು' ಎಂಬ ಸಂಕೇತ ಮೇಲೆ ಹೋಗುವವರೆಗೆ ಅದು ಸಂದೇಶವನ್ನು ಬಿಡುವುದಿಲ್ಲ. ಹೋದ ಕೂಡಲೇ ಅಳಿಸಿಹಾಕುತ್ತದೆ.

ಬೇರೆ ಊರುಗಳಲ್ಲಿ ಈ ಸಂಕೇತವನ್ನು ಯಂತ್ರವೇ ಕಳಿಸುತ್ತಿತ್ತು. ಮಗದುಮ್ ಸರ್ ಮಾತ್ರ ಗೋಕಾಕದಲ್ಲಿ ಆ ಸಂಕೇತ ಕಳಿಸುವ ಗುಂಡಿಯನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು; ಅದು ಒಪ್ಪಲು ಬೇಕಾದ ಗುಪ್ತ ಅಂಕಿಯೂ ಅವರೊಬ್ಬರಿಗೇ ಗೊತ್ತು. ಮೊದಲು ಬಂದ ಅಂಕಿಯನ್ನು ವಹಿಯಲ್ಲಿ, ಅಂದರೆ ದಾಖಲೆ ಪುಸ್ತಕದಲ್ಲಿ, ಬರೆಯಬೇಕು, ಬರೆದದ್ದನ್ನು ಇನ್ನೊಬ್ಬರು ಓದಿ ಹೌದೆನ್ನಬೇಕು, ಆಮೇಲೆ ಒತ್ತಬೇಕು. ಇದೇನು ತಡ ಎಂದು ಕಚೇರಿಯವರು ನಕ್ಕಾಗ, ಅಳಿಸಿದ್ದನ್ನು ಮತ್ತೆ ಕೇಳಲು ಬಾರದು ಎಂದಷ್ಟೇ ಹೇಳಿದರು.

ನೌಕರರಿಗೆ ಕಲಿಸುವಾಗ ಅವರು ಇನ್ನೊಂದು ಉಪಾಯ ಹೂಡಿದರು. ಡಬ್ಬಿಯಲ್ಲಿ ಕೊನೆಗೆ, ಟಿಪ್ಪಣಿಗೆಂದು ಬಿಟ್ಟ ಒಂದು ಷರಾದ ಮನೆ ಇತ್ತು, ಕಚೇರಿಗೆ ಅದರ ಉಪಯೋಗವಿರಲಿಲ್ಲ. "ಅಲ್ಲಿ ನಿಮಗ ಬೇಕಾದ ಅಂಕಿ ಹಾಕ್ರಿ. ನಿಮ್ಮ ಬೆರಳ ಒತ್ತಿದ್ದಂತ ನನಗ ಗುರುತ ಹತ್ತಬೇಕು, ಅಷ್ಟ," ಎಂದರು. ತುಕ್ಕಾನಟ್ಟಿಯ ಮಾಲಿಂಗಪ್ಪ ಅಂದು ತಾನು ಕುಡಿದ ಚಹಾದ ಲೆಕ್ಕ ಹಾಕುತ್ತಿದ್ದ. ಒಂದು ದಿನ ಹನ್ನೊಂದು ಬಂದಾಗ ಸರ್ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿ ಕಳಿಸಿದರು: 'ಮಟ್ಟ ಸರಿ ಇದೆ. ಚಹಾ ಅಪಾಯ ಮಟ್ಟ ಮೀರಿದೆ.' ಹದಿನಾಲ್ಕನೆಯ ಕಟ್ಟೆಯ ಬೀರಸಿದ್ದಪ್ಪ ಕುರುಬರವನು. ಅವನು ದೊಡ್ಡಿಯಲ್ಲಿರುವ ತನ್ನ ಕುರಿಗಳ ಎಣಿಕೆ ಹಾಕುತ್ತಿದ್ದ. ಏಳು ವರ್ಷ ಅವನ ಕುರಿಗಳು ಹೆಚ್ಚಾದದ್ದು, ಕಡಿಮೆಯಾದದ್ದು ಆಕಾಶ ಸುತ್ತಿ ಬಂದು ಗೋಕಾಕದ ವಹಿಯಲ್ಲಿ ದಾಖಲಾಯಿತು.

೨೦೦೨ರಲ್ಲಿ ಕಂಪನಿ ದಿವಾಳಿ ಎದ್ದಿತು. ಉಪಗ್ರಹಗಳನ್ನು ನಡೆಸುತ್ತಿದ್ದ ಕೇಂದ್ರದ ಬಾಗಿಲು ಮುಚ್ಚಿತು. ಒಡೆಯರಿಲ್ಲದ ಎಂಟು ಪೆಟ್ಟಿಗೆಗಳು ತಮ್ಮಷ್ಟಕ್ಕೆ ಸುತ್ತುತ್ತ ಉಳಿದವು. ಅವುಗಳ ನಡುವಿನ ಅಂತರ ಕಾಯುವವರಿಲ್ಲದೆ ಏಳು ಉಪಗ್ರಹಗಳು ವರ್ಷ ವರ್ಷಕ್ಕೆ ಒತ್ತೊತ್ತಾಗಿ ಒಂದು ಕಡೆ ಗುಂಪುಗೂಡಿದವು. ಐದನೆಯದೊಂದೇ ದೂರ ಉಳಿಯಿತು. ಮಧ್ಯಾಹ್ನದಿಂದ ಸಂಜೆಯವರೆಗೆ ನಮ್ಮ ಸೀಮೆಯ ಮೇಲೆ ಬರುತ್ತಿದ್ದದ್ದು ಅದೊಂದೇ. ದಿನದ ಅಂಕಿಯನ್ನು ನೌಕರರು ಸಂಜೆಯ ಗುಂಪಿಗೇ ಒತ್ತುತ್ತಿದ್ದರು; ಮಟ್ಟ ಒಮ್ಮೆಲೇ ಏರಿದರೆ ಮಾತ್ರ ಮಧ್ಯಾಹ್ನ ಐದನೆಯದನ್ನು ಕಾಯಬೇಕು. ೨೦೦೫ರ ಏಪ್ರಿಲ್‌ನಲ್ಲಿ ಅದು ಮಾತು ನಿಲ್ಲಿಸಿತು.

ಸತ್ತದ್ದಲ್ಲ, ಮಾತು ನಿಲ್ಲಿಸಿದ್ದು. ಅದರ ಬ್ಯಾಟರಿ ಸೋತಿರಬೇಕೆಂದೂ, ಕೇಳುವಷ್ಟು ಶಕ್ತಿ ಇದ್ದರೂ ಹೇಳುವಷ್ಟು ಇಲ್ಲವೆಂದೂ ಸರ್ ಅಂದಾಜು ಮಾಡಿದರು. ದಿನಾಲು ಅದು ಹಾಯುವ ಹೊತ್ತಿಗೆ ಆಂಟೆನಾ ಎಂದಿನಂತೆ ತಿರುಗಿ ದಿಗಂತಕ್ಕೆ ಮುಖ ಮಾಡುತ್ತಿತ್ತು, ಇಲ್ಲದ ದನಿಯನ್ನು ಹಿಂಬಾಲಿಸುತ್ತ ಆಕಾಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ನಿಲ್ಲುತ್ತಿತ್ತು. ಕೋಣೆಯಲ್ಲಿ ಹನ್ನೆರಡು ನಿಮಿಷ ಬರಿಯ ಗಾಳಿಯ ಸದ್ದು. ಮುಚ್ಚಿದ ಬಾಗಿಲಿನ ಆಚೆ ಯಾರೋ ಉಸಿರು ಬಿಗಿಹಿಡಿದು ನಿಂತಂತೆ ಆಗುತ್ತಿತ್ತೆಂದು, ಆ ಹೊತ್ತಿಗೆ ತಾನು ಬೆನ್ನು ತಿರುಗಿಸಿ ಕೂಡಲಾರದವಳಾಗಿದ್ದೆನೆಂದು ದಾನೇಶ್ವರಿ ಹೇಳುತ್ತಾರೆ.

ಸರ್ ಕಚೇರಿಗೆ ಮೂರು ಪತ್ರ ಬರೆದರು. ಐದನೆಯದು ಮೂಕವಾಗಿದೆ, ಮಳೆಗಾಲ ಬರುವ ಮೊದಲು ನೌಕರರಿಗೆ ಹಂಚುವ ವೇಳಾಪಟ್ಟಿಯಿಂದ ಅದನ್ನು ತೆಗೆಯಬೇಕು, ಮಧ್ಯಾಹ್ನದ ಹೊತ್ತಿಗೆ ಬೇರೆ ದಾರಿ ಮಾಡಬೇಕು. ಉತ್ತರವಾಗಿ ಬಂದದ್ದು ಯೋಜನಾಧಿಕಾರಿ ರಾಜಪ್ಪನವರ ಫೋನು.

"ಸರ್, ಕರಾರಿನ್ಯಾಗ ಎಂಟು ಅಂತ ಐತಿ. ಪಟ್ಟಿನ್ಯಾಗೂ ಎಂಟ ಇರಬೇಕು. ಏಳು ಅಂತ ನೀವ ಛಾಪಸಿದ್ರ ಮ್ಯಾಲಿನವ್ರು ನನ್ನ ಕುತಿಗಿ ಹಿಡೀತಾರ. ಮಳಿಗಾಲ ದಾಟ್ಲಿ, ನೋಡೂಣಂತ."

ಸರ್ ಹೂಂ ಎಂದರು. ಎಂಟು ಉಪಗ್ರಹಗಳ ವೇಳಾಪಟ್ಟಿ ಅಚ್ಚಾಗಿ ಇಪ್ಪತ್ತೆರಡು ಕಟ್ಟೆಗಳಿಗೆ ಹೋಯಿತು. ಅಭಿನಂದನ ಗ್ರಂಥದಲ್ಲಿ ಈ ಮಾತು ಬೇಡವೆನ್ನುವವರಿಗೆ ಸರ್ ಅವರದೇ ಉತ್ತರವಿದೆ. ತಮ್ಮ ಮೂವತ್ತೈದು ವರ್ಷಗಳಲ್ಲಿ ಮೊದಲು ಬರೆಯಬೇಕಾದದ್ದು ಆ ಒಂದು ಹೂಂ, ಉಳಿದದ್ದು ಜಾಗ ಮಿಕ್ಕರೆ ಸಾಕು ಎಂದು ಅವರು ಸಂಪಾದಕರಿಗೆ ಹೇಳಿ ಕಳಿಸಿದ್ದಾರೆ.

ಜುಲೈ ಇಪ್ಪತ್ತಾರರ ಮಧ್ಯಾಹ್ನ ಮಳೆ ಗೋಡೆಯಂತೆ ಸುರಿಯುತ್ತಿತ್ತು. ಎರಡು ಗಂಟೆ ಹತ್ತು ನಿಮಿಷಕ್ಕೆ ಆಂಟೆನಾ ತಿರುಗಿತು. ಸರ್ ಮತ್ತು ದಾನೇಶ್ವರಿ ಇಬ್ಬರೂ ಕೋಣೆಯಲ್ಲಿದ್ದರು. ಹನ್ನೆರಡು ನಿಮಿಷ ಕೇಳಿದರು, ಏನೂ ಇಲ್ಲ. ಮೂರು ಐವತ್ತಕ್ಕೆ ಐದನೆಯದು ಎರಡನೆಯ ಸಲ ಬಂದಿತು, ಮತ್ತೆ ಕೇಳಿದರು, ಏನೂ ಇಲ್ಲ. ಉಳಿದ ಏಳು ಉಪಗ್ರಹಗಳು ಬಂದದ್ದು ಆರೂವರೆಯ ಮೇಲೆ. ಇಪ್ಪತ್ತೊಂದು ಕಟ್ಟೆಗಳ ಅಂಕಿ ಬಂದವು. ಹದಿನಾಲ್ಕನೆಯ ಕಟ್ಟೆಯ ಮುಂದೆ ಯಂತ್ರ ಖಾಲಿ ಬಿಟ್ಟಿತು.

ಬೀರಸಿದ್ದಪ್ಪನ ಹೆಣ ನಾಲ್ಕನೆಯ ದಿನ ಕೆಳಗಿನ ಕಬ್ಬಿನ ಹೊಲವೊಂದರಲ್ಲಿ ಸಿಕ್ಕಿತು. ಅವನ ಕುರಿಗಳು ಗುಡ್ಡದ ಮೇಲೆ ಜೀವಂತ ಸಿಕ್ಕಿದವು. ಇಷ್ಟೇ ಸಾಕಾಯಿತು. ಊರು ಮುಳುಗುವಾಗ ಅವನು ಕುರಿ ಮೇಯಿಸಲು ಹೋಗಿದ್ದ ಎಂದು ಮೊದಲು ಯಾರೋ ಅಂದರು. ಆಮೇಲೆ ಎಲ್ಲರೂ ಅಂದರು.

ಆಗಸ್ಟ್ ಆರು, ಶನಿವಾರ. ಮಳೆ ನಿಂತು, ವಾರದ ಮೇಲೆ ಮೊದಲ ಬಿಸಿಲು ಬಿದ್ದಿತ್ತು. ಮಧ್ಯಾಹ್ನ ಮೂರರ ಸುಮಾರಿಗೆ ಆಂಟೆನಾ ತಿರುಗಿದಾಗ ಅದರ ಮೇಲೆ ಕುಳಿತಿದ್ದ ಪಾರಿವಾಳಗಳು ಹಾರಿದವು. ಗಾಳಿಯ ಸದ್ದಿನ ಒಳಗಿನಿಂದ ಐದನೆಯದರ ಸಿಳ್ಳು ಎದ್ದಿತು. ದಾನೇಶ್ವರಿ ಕುರ್ಚಿಯಿಂದ ಎದ್ದು ನಿಂತರು. ಅದರ ದಾರಿ ವರ್ಷದಲ್ಲಿ ಆಗೀಗ ಕೆಲವು ದಿನ ಭೂಮಿಯ ನೆರಳಿಗೇ ಸಿಗದೆ ಇಡೀ ಹೊತ್ತು ಬಿಸಿಲಿನಲ್ಲಿರುತ್ತದೆ. ಅಂಥ ದಿನಗಳು ಅಂದು ಮೊದಲಾಗಿದ್ದವು. ಬಿಸಿಲು ಉಂಡ ಮೂಕ ಬಾಯಿ ಬಿಟ್ಟಿತು. ಮುದ್ರಣಯಂತ್ರ ಕಿರ್ರೆಂದು ನಾಲ್ಕು ಸಾಲು ಹೊಡೆಯಿತು.

ಕಟ್ಟೆ ಹದಿನಾಲ್ಕು, ಜುಲೈ ಇಪ್ಪತ್ತಾರು, ಎರಡು ಹನ್ನೆರಡು, ಮಟ್ಟ ಏಳೂ ಕಾಲು ಮೀಟರು, ಷರಾ ಅರವತ್ತೈದು. ಎರಡು ಇಪ್ಪತ್ತೊಂದು, ಎಂಟು ಮೀಟರು, ಅರವತ್ತೈದು. ಮೂರು ಐವತ್ತೆರಡು, ಒಂಬತ್ತೂವರೆ, ಅರವತ್ತೈದು. ನಾಲ್ಕು ಗಂಟೆ ಒಂದು ನಿಮಿಷ, ಹತ್ತು ಮೀಟರು, ಷರಾ ಸೊನ್ನೆ.

ಹನ್ನೊಂದು ದಿನದ ಹಿಂದೆ ಸತ್ತವನ ಬೆರಳು ಒತ್ತಿದ ಅಂಕಿಗಳು. ಅವನ ಡಬ್ಬಿಯನ್ನೂ ಹೊಳೆ ಒಯ್ದಿತ್ತು, ಕಟ್ಟೆಯನ್ನೂ ಒಯ್ದಿತ್ತು. ಕಾಗದ ಮಾತ್ರ ಬೆಚ್ಚಗಿತ್ತು.

ಸರ್ ವಹಿಯಲ್ಲಿ ಬರೆದರು. ದಾನೇಶ್ವರಿ ಓದಿ ಹೌದೆಂದರು. ನಿಯಮದ ಪ್ರಕಾರ ಇನ್ನು ಒತ್ತಬೇಕು. ಸರ್ ಅವರ ಬೆರಳು ಗುಂಡಿಯ ಮೇಲೆ ಹೋಯಿತು, ಅಲ್ಲಿಯೇ ನಿಂತಿತು.

"ಒತ್ತಿದ್ರ ಅಳಸಿ ಹೊಕ್ಕೈತಿ," ಎಂದರು ಮೆಲ್ಲಗೆ. "ಅಂವ ಕಡೀಕ ಮಾತಾಡಿದ್ದು ಇಷ್ಟ ನೋಡವಾ. ಇದ್ದು ಹೋಗ್ಲಿ."

ಏಳು ವರ್ಷದಲ್ಲಿ ಮೊದಲ ಸಲ ಅವರು ತಮ್ಮ ನಿಯಮ ತಪ್ಪಿದರು. ಹಾಗೆ ತಪ್ಪಿದ್ದೇ ಆ ಸಂದೇಶವನ್ನು ಉಳಿಸಿತು. ಸೋಮವಾರ ಅವರು ಎಲ್ಲವನ್ನೂ ಕಚೇರಿಗೆ ಬರೆದು ತಿಳಿಸಿದರು. ಮಂಗಳವಾರ ಜೀಪು ಬಂದು ವಿಚಾರಣೆಗೆ ಬೇಕೆಂದು ವಹಿಯನ್ನೂ ಕಾಗದವನ್ನೂ ಒಯ್ದಿತು. ಪ್ರಾಮಾಣಿಕರು ಮಾಡುವ ತಪ್ಪನ್ನೇ ಸರ್ ಮಾಡಿದರು, ನಕಲು ಇಟ್ಟುಕೊಳ್ಳಲಿಲ್ಲ. ಸೆಪ್ಟೆಂಬರಿನಲ್ಲಿ ವರದಿ ಹೊರಬಂದಾಗ ದಾಖಲೆಗಳ ಪಟ್ಟಿಯಲ್ಲಿ ವಹಿ ಇರಲಿಲ್ಲ, ಹನ್ನೊಂದನೆಯ ಪುಟ ಇತ್ತು. ಕೇಳಿದ್ದಕ್ಕೆ ರಾಜಪ್ಪನವರು, "ನೀವ ಕಳಸೇನಿ ಅಂತೀರಿ, ನಮ್ಮ ಆವಕ ಪುಸ್ತಕದಾಗ ನೋಂದಣಿ ಇಲ್ಲಲ್ರಿ ಸರ್" ಎಂದರು. ಕಚೇರಿಗೆ ಸಂದೇಶ ಬೇಡವಾಗಿತ್ತು. ಸಂದೇಶ ಖರೆಯಾದರೆ ಮೂಕ ಉಪಗ್ರಹ ಖರೆ. ಮೂಕ ಉಪಗ್ರಹ ಖರೆಯಾದರೆ ಮೂರು ಪತ್ರ ಖರೆ. ಪತ್ರ ಖರೆಯಾದರೆ ಒಂಬತ್ತು ಹೆಣ ಯಾರ ಬಾಗಿಲಿಗೆ ಬರುತ್ತವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕುರಿ ಕಾಯುವವನ ತಲೆ ಅಗ್ಗ, ಸತ್ತ ತಲೆ ಇನ್ನೂ ಅಗ್ಗ.

ನವೆಂಬರಿನಲ್ಲಿ ಐದನೆಯದು ಮತ್ತೆ ಬಿಸಿಲಿಗೆ ಬರುವ ಮೊದಲು ಮಗದುಮ್ ಸರ್ ಬೀರಸಿದ್ದಪ್ಪನ ವಸ್ತಿಗೆ ಹೋದರು. ಅವನ ಹೆಂಡತಿ ತಾಯವ್ವ ದೊಡ್ಡಿಯ ಮುಂದೆ ಕುಳಿತಿದ್ದಳು. ಒಂಬತ್ತು ಹೆಣ ಎತ್ತಿದ ಊರಿನವರು ಅವಳ ದೊಡ್ಡಿಯ ಗೊಬ್ಬರವನ್ನೂ ಹೊಲಕ್ಕೆ ಒಯ್ಯುತ್ತಿರಲಿಲ್ಲ. ರಾಶಿ ಎದೆಮಟ್ಟ ಬೆಳೆದು ನಿಂತಿತ್ತು. ಸರ್ ನಾಲ್ಕು ಸಾಲುಗಳನ್ನು ಬಾಯಿಪಾಠವಾಗಿ ಹೇಳಿದರು. ಷರಾದ ಅಂಕಿ ಬಂದಾಗ ಅವಳು ತಲೆ ಎತ್ತಿದಳು.

"ಎಷ್ಟ ಅಂದ್ರಿ?"

"ಅರವತ್ತೈದು. ಅದರ ಹಿಂದಿನ ದಿನದ್ದು ಅರವತ್ಮೂರ ಬಂದಿತ್ತು. ನನಗೂ ತಿಳೀಲಿಲ್ಲ."

"ಅವತ್ತ ಮುಂಜಾನಿ ಕರೀ ಕುರಿ ಜೋಡ ಮರಿ ಹಾಕಿತ್ರಿ, ಮಾಸ್ತರ." ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. "ನಾ ಕಂಡಿದ್ನಿ, ಅಂವ ಕಂಡಿದ್ದಾ. ಮಳಿ ಹತ್ತಿತ್ತು, ಮತ್ತ್ಯಾರ್ಗೂ ಹೇಳಾಕ ಆಗಲಿಲ್ಲ. ನಾ ತವರ್ಮನಿಗೆ ಹ್ವಾದ್ನಿ, ಅಂವ ಕಟ್ಟಿಗೆ ಹ್ವಾದಾ." ಆಮೇಲೆ ಕೇಳಿದಳು, "ಕಡೀಕ ಸೊನ್ನಿ ಅಂದ್ರೆಲ್ಲ?"

"ಹೂಂ. ನಾಕ ಗಂಟೆಕ್ಕ."

"ದೊಡ್ಡಿ ಬಾಗಲಾ ತಗದಾನ. ಕುರಿ ಗುಡ್ಡಾ ಹತ್ಯಾವ. ಅಂವ ತಿರಗಿ ಡಬ್ಬಿ ಕಡೆ ಹೋಗ್ಯಾನ." ಅವಳು ಕಣ್ಣು ಒರೆಸಿಕೊಳ್ಳಲಿಲ್ಲ. "ಕುರಿ ಹಿಂದ ಹೋಗಿದ್ರ ಬದಕತಿದ್ದಾ."

ಆಗ ಸರ್ ವೇಳಾಪಟ್ಟಿಯ ಸಂಗತಿ ಹೇಳಿದರು. ಫೋನು ಬಂದದ್ದು, ತಾವು ಹೂಂ ಅಂದದ್ದು, ಯಾವುದನ್ನೂ ಮುಚ್ಚಲಿಲ್ಲ. ತಾಯವ್ವ ಅವರನ್ನೇ ನೋಡುತ್ತ ಹೇಳಿದಳು.

"ಹಳ್ಳಾ ತುಂಬಿ ಹರೀತಿತ್ತು, ಕೆಳಗಿನ ಊರಿಗೆ ಹೋಗಾಕ ದಾರಿ ಇರಲಿಲ್ಲ. ನಿಮ್ಮ ಹಾಳ್ಯಾಗ ಎರಡ ಗಂಟೆಕ್ಕ ಒಂದ, ನಾಕಕ್ಕ ಒಂದ ಬರತೈತಿ ಅಂತ ಇತ್ತ. ಮಾಸ್ತರ ಬರದಾರ ಅಂದಮ್ಯಾಲ ಬರತೈತಿ ಅಂತ ನಂಬಿ ಕುಂತಾನ. ಹಸರ ದೀಪಾ ಹತ್ತೀತ ಅಂತ ಕಾದಾನ." ಆಮೇಲೆ, "ನಿಮಗ ಬೈದ್ರ ನನಗೇನ ಬರತೈತಿ? ಆ ಹನ್ನೊಂದನೇ ಪುಟಾ ತಿದ್ದಸ್ರಿ. ಅಂವ ಅಲ್ಲೇ ಇದ್ದಾ ಅಂತ ಬರಸ್ರಿ. ಮತ್ತೇನೂ ಬ್ಯಾಡ," ಎಂದಳು.

ಅಂದಿನಿಂದ ಮಗದುಮ್ ಸರ್ ಅವರ ಬದುಕಿಗೆ ಅದೊಂದೇ ಕೆಲಸವಾಯಿತು. ಐದನೆಯದು ಬಿಸಿಲಿಗೆ ಬಂದಾಗಲೆಲ್ಲ, 'ಮುಟ್ಟಿತು' ಎಂಬ ಉತ್ತರ ಸಿಗದ ಕಾರಣ, ಅದು ಅದೇ ನಾಲ್ಕು ಸಾಲುಗಳನ್ನು ಮತ್ತೆ ಇಳಿಸುತ್ತದೆ. ವರ್ಷಕ್ಕೆ ನಾಲ್ಕಾರು ಸಲ, ಒಂದೊಂದು ಸಲಕ್ಕೆ ಎಂಟು ಹತ್ತು ದಿನ. ಮುದ್ರಿಸಿದ ಕಾಗದ ತೋರಿಸಿದರೆ ಕಚೇರಿಯವರು, ಇದನ್ನು ಯಾರು ಬೇಕಾದರೂ ಟೈಪು ಮಾಡಬಹುದು ಎಂದರು. ಹಾಗಾದರೆ ಬಂದು ಕಿವಿಯಿಂದ ಕೇಳಿರಿ ಎಂದು ಸರ್ ಬರೆದರು. ಅವರು ಬರಲಿಲ್ಲ. ತಾಯವ್ವ ಬಂದಳು. ಮಾಳಿಗೆಯ ಕೋಣೆಯ ನೆಲದ ಮೇಲೆ ಕುಳಿತು, ಗಾಳಿಯ ಸದ್ದಿನ ನಡುವೆ ನಾಲ್ಕು ಸಲ ಚಿರ್ರೆನ್ನುವ ಸಂದೇಶಗಳನ್ನು ಕೇಳಿದಳು. ಯಂತ್ರಕ್ಕೆ ತಿಳಿಯುವ ಆ ಚೀರಿನಲ್ಲಿ ಮನುಷ್ಯರಿಗೆ ತಿಳಿಯುವಂಥದ್ದು ಏನೂ ಇಲ್ಲ. ಆದರೂ ಮೂರನೆಯ ಹಂಗಾಮಿನ ಹೊತ್ತಿಗೆ ಅವಳು, ಕಾಗದ ಹೊರಬರುವ ಮೊದಲೇ, ನಾಲ್ಕನೆಯ ಚೀರಿಗೆ ಬೆರಳೆತ್ತಿ, "ಇದು ಕುರಿ ಬಿಟ್ಟದ್ದು" ಎನ್ನುತ್ತಿದ್ದಳು. ತಪ್ಪಿದ್ದಿಲ್ಲ. ಆಮೇಲೆ ಮುಳುಗಿದ ಊರುಗಳವರೇ ಒಬ್ಬೊಬ್ಬರಾಗಿ ಬರತೊಡಗಿದರು. ಮಗಳನ್ನು ಕಳೆದುಕೊಂಡ ಯಲ್ಲಾರಿ ಎಂಬ ಮುದುಕ ಕೇಳಿ ಮುಗಿಸಿ, ತಾಯವ್ವನ ಮುಂದೆ ಕೂತು, "ನಿನ್ನ ದೊಡ್ಡೀ ಗೊಬ್ಬರ ನನ್ನ ಹೊಲಕ್ಕ ಹಾಕ ತಂಗೀ" ಎಂದ. ಕ್ಷಮೆ ಕೇಳಲು ಅವನಿಗೆ ಬೇರೆ ಮಾತು ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಎರಡು ಊರಿನವರ ಸಹಿಯ ಅರ್ಜಿಗಳು ಎರಡು ವರ್ಷ ಕಚೇರಿಯಿಂದ ಕಚೇರಿಗೆ ಅಲೆದವು. ಕೊನೆಗೆ ಈ ವರ್ಷ ಮರುವಿಚಾರಣೆಗೆ ಅಪ್ಪಣೆಯಾಗಿದೆ. ಬರುವ ಆಗಸ್ಟಿನಲ್ಲಿ, ಐದನೆಯದು ಬಿಸಿಲಿನಲ್ಲಿರುವ ದಿನಗಳಲ್ಲಿ, ವಿಚಾರಣಾಧಿಕಾರಿ ಸ್ವತಃ ಗೋಕಾಕದ ಕೋಣೆಗೆ ಬಂದು ಕೇಳಲಿದ್ದಾರೆ. ಈ ಗ್ರಂಥ ಅಚ್ಚಿಗೆ ಹೋಗುವ ಹೊತ್ತಿಗೆ ಆ ದಿನ ಇನ್ನೂ ಬಂದಿಲ್ಲ.

ಐದನೆಯ ಉಪಗ್ರಹ ಹಾರುವ ಎತ್ತರದಲ್ಲಿ ಅದನ್ನು ಕೆಳಗೆಳೆಯುವ ಗಾಳಿ ಇಲ್ಲವೆನ್ನುವಷ್ಟು ತೆಳು; ಅದು ಬಿದ್ದು ಉರಿದುಹೋಗಲು ಇನ್ನೂ ನೂರು ವರ್ಷಕ್ಕೂ ಮಿಕ್ಕಿ ಬೇಕೆಂದು ಸರ್ ಅವರ ಲೆಕ್ಕ. ಗುರುಗಳಿಗೆ ಆಯುಷ್ಯ ಹಾರೈಸುವಾಗ ಶಿಷ್ಯರು ಬೇರೆ ಅಳತೆ ಹುಡುಕಬೇಕಿಲ್ಲ: ಅದು ಸುತ್ತುವಷ್ಟು ಕಾಲ ಅವರೂ ಇರಲಿ, ಅದು ಹೇಳುವಷ್ಟು ದಿನ ಕೇಳುವ ಕಿವಿ ಅವರಿಗಿರಲಿ, ನಿವೃತ್ತಿ ಪಗಾರಿಗೆ ಮಾತ್ರ ಆಗಲಿ, ಕೆಲಸಕ್ಕೆ ಆಗದಿರಲಿ.

ಇನ್ನು ಮೇ ಮೂವತ್ತೊಂದರ ಮಧ್ಯಾಹ್ನದ ಮಾತು. ಕೆಳಗೆ ಸಭಾಂಗಣದಲ್ಲಿ ಹಾರ, ಶಾಲು, ಫಲಪುಷ್ಪ ಸಿದ್ಧವಾಗಿದ್ದವು. ಸರ್ ದಾನೇಶ್ವರಿಯವರೊಡನೆ ಮಾಳಿಗೆಯಲ್ಲಿದ್ದರು, ಐದನೆಯದು ಬಿಸಿಲು ಉಣ್ಣುತ್ತಿದ್ದ ದಿನಗಳು, ಮೂರು ಮೂವತ್ತರ ಮೇಲೆ ಅದು ಬರುವುದಿತ್ತು. ಮೆಟ್ಟಿಲು ಹತ್ತಿ ಬಂದವರು ರಾಜಪ್ಪನವರು, ಕೈಯಲ್ಲಿ ಒಂದು ಆದೇಶ. ಕೋಣೆ ಬಿಟ್ಟುಕೊಡುವ ಮೊದಲು ಬಾಕಿ ಉಳಿದ ಎಲ್ಲ ಸಂದೇಶಗಳಿಗೂ 'ಮುಟ್ಟಿತು' ಕಳಿಸಿ, ಉಪಗ್ರಹವನ್ನು ಖಾಲಿ ಮಾಡತಕ್ಕದ್ದು. ತಪ್ಪಿದಲ್ಲಿ ನಿವೃತ್ತಿಯ ಕಾಗದಗಳಿಗೆ ಸಹಿ ಆಗುವುದಿಲ್ಲ.

"ಸರ್, ಇವತ್ತ ನಿಮ್ಮ ಸತ್ಕಾರದ ದಿನ," ಎಂದರು ರಾಜಪ್ಪನವರು, ಏದುಸಿರು ಬಿಡುತ್ತ. "ಕೆಳಗ ಮಂದಿ ಹಾರಾ ಹಿಡಕೊಂಡ ಕುಂತಾರ. ಒಂದ ಗುಂಡಿ ಒತ್ತೂದು, ಹಾರಾ ಹಾಕ್ಕೊಳೂದು, ಆರಾಮ ಮನಿಗೆ ಹೋಗೂದು."

"ಒತ್ತಿದ್ರ ಆಗಸ್ಟ್‌ದಾಗ ಬರೋ ಸಾಹೇಬ್ರು ಏನ ಕೇಳಬೇಕ್ರಿ?"

"ಅದು ನಮ್ಮ ನಿಮ್ಮ ವಿಚಾರ ಅಲ್ಲಲ್ರಿ. ಮ್ಯಾಲಿಂದ ಆದೇಶ ಐತಿ. ಬಂದ ಸಂದೇಶಕ್ಕ ಉತ್ತರಾ ಕೊಡಬೇಕು ಅನ್ನೂದು ನೀವ ಮಾಡಿದ ನಿಯಮಾನ ಅಲ್ಲೇನ್ರಿ?"

ಆಂಟೆನಾ ಗರ್ರೆಂದಿತು. ರಾಜಪ್ಪನವರು ಬೆಚ್ಚಿ ಹಿಂದೆ ಸರಿದರು. ಅದು ತಾನಾಗಿ ತಿರುಗುವುದನ್ನು ಅವರು ಮೊದಲ ಸಲ ನೋಡುತ್ತಿದ್ದರು. ಸಿಳ್ಳು ಎದ್ದಿತು, ಹತ್ತಿರವಾಯಿತು, ಕೋಣೆ ತುಂಬಿತು. ನಾಲ್ಕು ಚೀರು ಕೇಳಿದವು. ಕಾಗದ ಹೊರಬಂದಿತು. ರಾಜಪ್ಪನವರು ಅದರ ಮೇಲಿನ ತಾರೀಖನ್ನು ನೋಡಿದರು, ಆಮೇಲೆ ಬೇರೆ ಕಡೆ ನೋಡಿದರು.

"ಇನ್ನೂ ಆರ ನಿಮಿಷ ಮ್ಯಾಲ ಇರತೈತಿ," ಎಂದರು ಸರ್. "ನಿಮ್ಮ ಆದೇಶ ಪಾಲಸಾಕ ಬೇಕಾದಷ್ಟ ವೇಳೆ ಐತಿ."

"ಹಂಗಾರ ಒತ್ರಿ, ಸರ್."

ಮಗದುಮ್ ಸರ್ ವಹಿಯಲ್ಲಿ ನಾಲ್ಕು ಸಾಲು ಬರೆದು ಮುಗಿಸಿದರು, ದಾನೇಶ್ವರಿಯವರಿಗೆ ಓದಲು ಕೊಟ್ಟರು, ಅವರು ಹೌದೆಂದ ಮೇಲೆ ವಹಿ ಮುಚ್ಚಿದರು. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ತಲೆಯ ಮೇಲೆ ಸಿಳ್ಳಿನ ಕಂಠ ಇಳಿಯತೊಡಗಿತ್ತು.

"ಒತ್ತಂಗಿಲ್ಲ," ಎಂದರು. "ಬರಕೋರಿ ರಾಜಪ್ಪನವರ, ಮಗದುಮ್ ಒತ್ತಲಿಲ್ಲ ಅಂತ. ವೇಳೇನೂ ಹಾಕ್ರಿ, ಮೂರು ನಲವತ್ತೊಂದು."